ಸ್ಟ್ರಾಗೆ ಸ್ಪ್ಯಾನಿಷ್‌ನಲ್ಲಿ ಯಾವ ಪದ ಬಳಸ್ಬೇಕು?

ಎಳನೀರಿಗೆ ಹಾಕ್ಕೊಡ್ತಾರಲ್ಲ ಸ್ಟ್ರಾ, ಅದಕ್ಕೆ ಸ್ಪ್ಯಾನಿಷ್‌ನಲ್ಲಿ ಏನಂತಾರೆ ಅಂತ ಯಾರಾದ್ರೂ ಕೇಳಿದ್ರೆ ನಾನು ಮೊದ್ಲು ಕೇಳೋದು ಒಂದೇ, ಯಾವ ದೇಶದವರ ಹತ್ರ ಮಾತಾಡ್ತೀರಾ?

ನಾನು ಸ್ಪ್ಯಾನಿಷ್ ಕಲಿತ ಪುಸ್ತಕದಲ್ಲಿದ್ದಿದ್ದು ಪಹೀತಾ. ಪಾಹಾ ಅಂದ್ರೆ ಒಣಹುಲ್ಲು, ಪಹೀತಾ ಅಂದ್ರೆ ಪುಟ್ಟ ಹುಲ್ಲುಕಡ್ಡಿ. ಸ್ಪೇನ್‌ನಲ್ಲಿ ಇದೇ ನಡೆಯತ್ತೆ, ಆದ್ರೆ ಪಾಹಾಗೆ ಆಡುಮಾತಲ್ಲಿ ಒಂದು ಅಸಭ್ಯ ಅರ್ಥಾನೂ ಇದೆ, ಅದಕ್ಕೆ ಬೇರೆ ಕಡೆ ಹೋದಾಗ ಅಲ್ಲಿನ ಪದಾನೇ ಬಳಸೋದು ಒಳ್ಳೇದು. ಮೆಕ್ಸಿಕೋದಲ್ಲಿ ಪೊಪೊತೆ ಅನ್ನಿ, ಅದು ಅಲ್ಲಿನ ಮೂಲನಿವಾಸಿಗಳ ನಾವಾತ್ಲ್ ಭಾಷೆಯಿಂದ ಬಂದಿದ್ದು, ಅಲ್ಲೂ ಮೂಲ ಅರ್ಥ ಟೊಳ್ಳು ಹುಲ್ಲುಕಡ್ಡೀನೇ, ನೋಡಿ ಎಷ್ಟು ಚೆನ್ನಾಗಿದೆ. ಕೊಲಂಬಿಯಾ, ವೆನೆಜುವೆಲಾದಲ್ಲಿ ಪಿತೀಯೊ. ಪೆರು, ಈಕ್ವೆಡಾರ್‌ನಲ್ಲಿ ಸೊರ್ಬೆತೆ. ಚಿಲಿಯಲ್ಲಿ ಬೊಂಬೀಯಾ, ಡೊಮಿನಿಕನ್ ರಿಪಬ್ಲಿಕ್‌ನಲ್ಲಿ ಕಲಿಮೆತೆ.

ತಪ್ಪಾಗೋದು ಎಲ್ಲಿ ಅಂದ್ರೆ, ಒಂದು ದೇಶದ ಪದ ಇನ್ನೊಂದು ದೇಶದಲ್ಲೂ ಇರತ್ತೆ, ಆದ್ರೆ ವಸ್ತು ಬೇರೆ. ಸ್ಪೇನ್‌ನಲ್ಲಿ ಪಿತೀಯೊ ಕೇಳಿದ್ರೆ ಸಿಗರೇಟು ಅಂದ್ಕೋತಾರೆ, ಬೊಂಬೀಯಾ ಅಂದ್ರೆ ಲೈಟ್ ಬಲ್ಬ್, ಸೊರ್ಬೆತೆ ಅಂದ್ರೆ ಹಣ್ಣಿನ ರಸ ಹಾಕಿ ಮಾಡೋ ಐಸು. ಅರ್ಜೆಂಟೀನಾದಲ್ಲಂತೂ ಬೊಂಬೀಯಾ ಅಂದ್ರೆ ‘ಮಾತೆ’ ಅನ್ನೋ ಸೊಪ್ಪಿನ ಟೀ ಕುಡಿಯೋ ಲೋಹದ ಕೊಳವೆ, ತುದೀಲಿ ಸೊಪ್ಪು ಬಾಯಿಗೆ ಬರದ ಹಾಗೆ ಸಣ್ಣ ತೂತುಗಳಿರೋ ಜಾಲರಿ.

ಹಾಗಾಗಿ ಡಿಕ್ಷನರೀಲಿ ಮೊದಲ ಪದ ಕಂಡ ತಕ್ಷಣ ಎತ್ಕೊಬೇಡಿ. ಸ್ಪ್ಯಾನಿಷ್ ಅಕಾಡೆಮಿ ಡಿಕ್ಷನರಿ ಆನ್‌ಲೈನ್‌ನಲ್ಲಿ ಫ್ರೀ ಇದೆ, ಅದ್ರಲ್ಲಿ ಅರ್ಥದ ಮುಂದೆ ದೇಶದ ಹೆಸರನ್ನ ಚಿಕ್ಕದಾಗಿ ಹಾಕಿರ್ತಾರೆ, ಅದನ್ನ ತಪ್ಪದೇ ನೋಡಿ. ಲ್ಯಾಟಿನ್ ಅಮೆರಿಕದ ಪದಗಳಿಗೇ ಅಂತ 2010ರಲ್ಲಿ ಬಂದ ಬೇರೆ ಡಿಕ್ಷನರಿ ಇದೆ, ದಿಕ್ಸ್ಯೊನಾರ್ಯೊ ದೆ ಅಮೆರಿಕಾನಿಸ್ಮೊಸ್, ನಾನು ಜಾಸ್ತಿ ನಂಬೋದು ಅದನ್ನೇ. ಆಮೇಲೆ ಪದದ ಜೊತೆ ದೇಶದ ಹೆಸರು ಹಾಕಿ ಇಮೇಜ್ ಸರ್ಚ್ ಮಾಡಿ, ಬಲ್ಬ್ ಬಂತಾ ಸ್ಟ್ರಾ ಬಂತಾ ಒಂದೇ ಸೆಕೆಂಡಲ್ಲಿ ಗೊತ್ತಾಗತ್ತೆ.

ನಮ್ಮಲ್ಲೂ ಮೈಸೂರು ಕಡೆ ಕಡಲೆಕಾಯಿ, ಧಾರವಾಡ ಕಡೆ ಶೇಂಗಾ ಅಲ್ವಾ, ಅದೇ ಶೇಂಗಾಗೆ ಮೆಕ್ಸಿಕೋದಲ್ಲಿ ಕಾಕಾವಾತೆ, ಪೆರುವಿನಲ್ಲಿ ಮನೀ ಅಂತಾರೆ. ಅದಕ್ಕೆ ಎಲ್ಲಾ ಪದಾನೂ ಬಾಯಿಪಾಠ ಮಾಡ್ಬೇಡಿ, ನೀವು ಹೋಗೋ ದೇಶದ್ದು ಒಂದು ಕಲೀರಿ. ಅಂಗಡೀಲಿ ನೆನಪಾಗ್ಲಿಲ್ಲ ಅಂದ್ರೆ ವಸ್ತು ತೋರ್ಸಿ, "ಕೊಮೊ ಸೆ ಯಾಮಾ ಎಸ್ತೊ ಅಕೀ?", ಇದಕ್ಕೆ ಇಲ್ಲಿ ಏನಂತಾರೆ, ಅಂತ ಕೇಳಿ. ಅಕೀ ಅನ್ನೋದನ್ನ ಬಿಡ್ಬೇಡಿ, ಆಗ್ಲೇ ಅವ್ರು ತಮ್ಮೂರಿನ ಪದ ಹೇಳೋದು.