ಕೊಳವೆಯ ಶಾಖದ ಲೆಕ್ಕದಲ್ಲಿ ಯೂನಿಟ್ ತಪ್ಪು ಹಿಡಿಯುವುದು

ಮಂಡ್ಯ ಸೀಮೆಯ ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬಿನ ರಸ ಕಾಯಿಸುವ ಹೀಟರ್‌ನ ಲೆಕ್ಕಕ್ಕೆ ಕೂತಾಗ ನಾನು ಮೊದಲು ರಸದ ಅಂಕಿ ಹಾಕುವುದಿಲ್ಲ. ಅದೇ ಎಕ್ಸೆಲ್ ಶೀಟಿಗೆ 60 ಡಿಗ್ರಿ ನೀರಿನ ಅಂಕಿ ಕೊಡುತ್ತೇನೆ. ನೀರಿನ ಉತ್ತರ ಎಷ್ಟು ಬರಬೇಕೆಂದು ಗೊತ್ತು. ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ.

ಕೊಳವೆಯಲ್ಲಿ ಹರಿಯುವ ದ್ರವಕ್ಕೆ ಶಾಖ ಎಷ್ಟು ಸುಲಭವಾಗಿ ದಾಟುತ್ತದೆ ಎಂದು ಹೇಳುವ ಸೂತ್ರ ಡಿಟ್ಟಸ್-ಬೋಲ್ಟರ್: ನಸೆಲ್ಟ್ ಸಂಖ್ಯೆ = 0.023 × ರೆನಾಲ್ಡ್ಸ್‌ನ 0.8 ಘಾತ × ಪ್ರಾಂಟಲ್‌ನ 0.4 ಘಾತ. ಮೂರೂ ಯೂನಿಟ್ ಇಲ್ಲದ ಸಂಖ್ಯೆಗಳು. ರೆನಾಲ್ಡ್ಸ್ = ಸಾಂದ್ರತೆ × ವೇಗ × ವ್ಯಾಸ ÷ ಸ್ನಿಗ್ಧತೆ (ದ್ರವದ ಅಂಟುತನ); ಪ್ರಾಂಟಲ್ = ವಿಶಿಷ್ಟ ಶಾಖ × ಸ್ನಿಗ್ಧತೆ ÷ ಶಾಖವಾಹಕತೆ. ಕೊಳವೆಯ ಒಳವ್ಯಾಸ 0.025 ಮೀಟರ್, ವೇಗ ಸೆಕೆಂಡಿಗೆ 1.5 ಮೀಟರ್, ಸಾಂದ್ರತೆ ಘನ ಮೀಟರಿಗೆ 983 ಕಿಲೋಗ್ರಾಂ, ಸ್ನಿಗ್ಧತೆ 0.000466 ಪಾಸ್ಕಲ್-ಸೆಕೆಂಡ್, ವಿಶಿಷ್ಟ ಶಾಖ ಪ್ರತಿ ಕಿಲೋಗ್ರಾಂಗೆ, ಪ್ರತಿ ಡಿಗ್ರಿಗೆ 4185 ಜೂಲ್, ಶಾಖವಾಹಕತೆ ಪ್ರತಿ ಮೀಟರಿಗೆ, ಪ್ರತಿ ಡಿಗ್ರಿಗೆ 0.65 ವ್ಯಾಟ್. ರೆನಾಲ್ಡ್ಸ್ ಸುಮಾರು 79,100, ಪ್ರಾಂಟಲ್ 3, ನಸೆಲ್ಟ್ 296. ಅದನ್ನು 0.65ರಿಂದ ಗುಣಿಸಿ 0.025ರಿಂದ ಭಾಗಿಸಿದರೆ ಶಾಖ ವರ್ಗಾವಣೆಯ ಗುಣಾಂಕ ಸುಮಾರು 7,700 ವ್ಯಾಟ್, ಪ್ರತಿ ಚದರ ಮೀಟರಿಗೆ, ಪ್ರತಿ ಡಿಗ್ರಿಗೆ.

ಈಗ ವ್ಯಾಸವನ್ನು ರೆನಾಲ್ಡ್ಸ್‌ನಲ್ಲೂ ಕೊನೆಯ ಭಾಗಾಕಾರದಲ್ಲೂ ಮಿಲಿಮೀಟರ್ ಲೆಕ್ಕದ 25 ಎಂದೇ ಬರೆಯಿರಿ. ರೆನಾಲ್ಡ್ಸ್ ಸಾವಿರ ಪಟ್ಟಾಗಿ ನಸೆಲ್ಟ್ 251 ಪಟ್ಟು ಏರುತ್ತದೆ, ಕೊನೆಯ ಭಾಗಾಕಾರ ಸಾವಿರ ಪಟ್ಟು ಇಳಿಸುತ್ತದೆ. ಉತ್ತರ 1,930. ನೋಡಿದರೆ ನಂಬುವಂತಿದೆ! ಹೀಟರ್ ಮಾತ್ರ ಬೇಕಾದ್ದಕ್ಕಿಂತ ಬಹಳ ದೊಡ್ಡದಾಗುತ್ತದೆ. ಮಿಲಿಮೀಟರೂ ಉದ್ದವೇ, ಮೀಟರೂ ಉದ್ದವೇ. ಹಾಗಾಗಿ ಆಯಾಮ ಮಾತ್ರ ತಾಳೆ ನೋಡಿದರೆ ಈ ತಪ್ಪು ಕಾಣುವುದಿಲ್ಲ.

ಇದಕ್ಕಿಂತ ಕಳ್ಳ ತಪ್ಪು ಇನ್ನೊಂದಿದೆ. ಸ್ನಿಗ್ಧತೆ ಸೆಂಟಿಪಾಯ್ಸ್‌ನಲ್ಲಿ 0.466, ವಿಶಿಷ್ಟ ಶಾಖ ಕಿಲೋಜೂಲ್‌ನಲ್ಲಿ 4.185 ಹಾಕಿದರೆ ಎರಡೂ ಒಂದನ್ನೊಂದು ಸರಿದೂಗಿಸಿ ಪ್ರಾಂಟಲ್ ಸರಿಯಾಗಿ 3 ಎಂದೇ ಬರುತ್ತದೆ. ರೆನಾಲ್ಡ್ಸ್ ಮಾತ್ರ 79ಕ್ಕೆ ಕುಸಿದಿರುತ್ತದೆ. ಅದಕ್ಕೇ ರೆನಾಲ್ಡ್ಸ್, ಪ್ರಾಂಟಲ್ ಎರಡನ್ನೂ ಬೇರೆ ಬೇರೆ ಕೋಶದಲ್ಲಿ ಕಾಣುವಂತೆ ಇಡುತ್ತೇನೆ, ಒಂದೇ ಉದ್ದ ಸೂತ್ರದಲ್ಲಿ ಹುದುಗಿಸುವುದಿಲ್ಲ.

ಹಳೆಯ ಡ್ರಾಯಿಂಗ್‌ಗಳಲ್ಲಿ ಗುಣಾಂಕ ಗಂಟೆಗೆ ಕಿಲೋಕ್ಯಾಲರಿಯಲ್ಲಿದ್ದರೆ ವ್ಯಾಟ್‌ಗೆ ತರಲು 1.163ರಿಂದ ಗುಣಿಸಿ. ಹರಿವು ಗಂಟೆಗೆ ಘನ ಮೀಟರ್‌ನಲ್ಲಿದ್ದರೆ ಸಾಂದ್ರತೆಯಿಂದ ಗುಣಿಸಿ 3600ರಿಂದ ಭಾಗಿಸಿ, ಸೆಕೆಂಡಿಗೆ ಎಷ್ಟು ಕಿಲೋಗ್ರಾಂ ಎಂದು ಸಿಗುತ್ತದೆ. ತಾಪದ ವ್ಯತ್ಯಾಸಕ್ಕೆ 273 ಸೇರಿಸಬೇಡಿ: 10 ಡಿಗ್ರಿ ಏರಿಕೆ ಎಂದರೆ 10 ಕೆಲ್ವಿನ್ನೇ.

ನೀರಿನ ಉತ್ತರ ಕೂಡಿಬಂದ ಮೇಲೆ ರಸದ ಬ್ರಿಕ್ಸ್ (ಕರಗಿದ ಘನಾಂಶದ ಶೇಕಡಾ ಪ್ರಮಾಣ) ಮತ್ತು ತಾಪಕ್ಕೆ ತಕ್ಕ ಸ್ನಿಗ್ಧತೆ ಹಾಕುತ್ತೇನೆ. ಸಿರಪ್‌ನಷ್ಟು ದಪ್ಪವಾಗಿ ರೆನಾಲ್ಡ್ಸ್ 10,000ಕ್ಕಿಂತ ಕೆಳಗಿಳಿದರೆ ಅಲ್ಲಿ ತಪ್ಪಿರುವುದು ಯೂನಿಟ್ ಅಲ್ಲ. ಈ ಸೂತ್ರ ಪ್ರಕ್ಷುಬ್ಧ ಹರಿವಿಗೆ ಮಾತ್ರ, ಹಾಗಾಗಿ ಸೂತ್ರವನ್ನೇ ಬದಲಿಸಬೇಕು.