ಕಾಗದದಲ್ಲಿದ್ದ ಡಯೋಡು ಬೋರ್ಡಿನಲ್ಲಿ ಇರಲಿಲ್ಲ

ಕುಂಡದ ಮಣ್ಣು ಒಣಗಿದರೆ ತಾನಾಗಿ ಪಂಪು ಓಡಿಸುವ ಒಂದು ಸಣ್ಣ ಸರ್ಕ್ಯೂಟ್ ಮಾಡಿದ್ದೆ. ಮಣ್ಣಿನಲ್ಲಿ ಎರಡು ಕಡ್ಡಿ, ಒಂದು ಎಲ್‌ಎಂ393 ಕಂಪ್ಯಾರೇಟರ್ (ಎರಡು ವೋಲ್ಟೇಜ್ ಹೋಲಿಸುವ ಚಿಪ್), ಪಂಪಿನ ಸ್ವಿಚ್ಚಾಗಿ ಒಂದು 12 ವೋಲ್ಟ್ ರಿಲೇ, ಅದನ್ನು ನಡೆಸಲು ಒಂದು ಬಿಸಿ547 ಟ್ರಾನ್ಸಿಸ್ಟರ್. ಅಷ್ಟೇ. ಚೆನ್ನಾಗಿಯೇ ನಡೆಯುತ್ತಿತ್ತು. ಒಂದು ದಿನ ನಿಂತುಹೋಯಿತು. ನೋಡಿದರೆ ಟ್ರಾನ್ಸಿಸ್ಟರ್ ಸುಟ್ಟಿತ್ತು. ಹೊಸದು ಹಾಕಿದೆ. ಕೆಲವು ವಾರಕ್ಕೆ ಅದೂ ಹೋಯಿತು.

ಹಳೆಯ ನೋಟ್‌ಬುಕ್ ತೆಗೆದು ನೋಡಿದೆ. ನನ್ನದೇ ಕೈಯಲ್ಲಿ ಬರೆದ ಚಿತ್ರ, ಎಲ್ಲ ಸರಿಯಾಗಿಯೇ ಇತ್ತು. ಟ್ರಾನ್ಸಿಸ್ಟರುಗಳೇ ಕಳಪೆ ಇರಬೇಕು ಅಂದುಕೊಂಡೆ. ಆಮೇಲೆ ಅಡಾಪ್ಟರ್ ಮೇಲೆ ಅನುಮಾನ ಬಂತು. ಅದನ್ನೂ ಬದಲಾಯಿಸಿದೆ. ಮೂರನೇ ಟ್ರಾನ್ಸಿಸ್ಟರೂ ಹೋಯಿತು.

ಅದೇ ಹೊತ್ತಿಗೆ ಗೆಳೆಯನೊಬ್ಬ ತನಗೂ ಅಂಥದ್ದೊಂದು ಬೇಕು, ಚಿತ್ರ ಕಳಿಸು ಅಂದ. ನೋಟ್‌ಬುಕ್ಕಿನ ಗೀಚು ಕಳಿಸಲು ನಾಚಿಕೆಯಾಯಿತು. ಕಂಪ್ಯೂಟರಿನಲ್ಲಿ ನೀಟಾಗಿ ಬಿಡಿಸೋಣ ಅಂತ ಕೂತೆ. ದೋಷ ಹುಡುಕುವ ಯೋಚನೆ ಆಗ ಇರಲೇ ಇಲ್ಲ.

ಮೊದಲು ಫ್ರಿಟ್ಜಿಂಗ್ ಅನ್ನುವ ತಂತ್ರಾಂಶ ಹಿಡಿದೆ. ಬೆಸುಗೆ ಇಲ್ಲದೆ ತೂತುಗಳಿಗೆ ಚುಚ್ಚಿ ಸರ್ಕ್ಯೂಟ್ ಕಟ್ಟುವ ಬ್ರೆಡ್‌ಬೋರ್ಡಿನ ಚಿತ್ರ ಅದರಲ್ಲಿ ತುಂಬಾ ಚಂದ ಬರುತ್ತದೆ. ಹೊಸಬರಿಗೆ ಯಾವ ವೈರು ಯಾವ ತೂತಿಗೆ ಅಂತ ತೋರಿಸಲು ಅದೇ ಸರಿ. ಆದರೆ ವೈರು ಜಾಸ್ತಿ ಆದಂತೆ ಚಿತ್ರವೂ ನಿಜವಾದ ಬ್ರೆಡ್‌ಬೋರ್ಡಿನಷ್ಟೇ ಗೋಜಲಾಗುತ್ತದೆ. ಹಾಗಾಗಿ ಕೀಕ್ಯಾಡ್‌ಗೆ ಬಂದೆ. 1992ರಲ್ಲಿ ಜಾನ್ ಪಿಯರ್ ಶರಾಸ್ ಅವರು ಶುರು ಮಾಡಿದ ಉಚಿತ ತಂತ್ರಾಂಶ ಇದು. 2013ರಿಂದ ಯುರೋಪಿನ ಭೌತವಿಜ್ಞಾನ ಸಂಶೋಧನಾ ಸಂಸ್ಥೆ ಸರ್ನ್ ಕೂಡ ಇದಕ್ಕೆ ಕೈ ಜೋಡಿಸಿತು. ಪಿಸಿಬಿ, ಅಂದರೆ ಭಾಗಗಳನ್ನು ಕೂರಿಸುವ ಅಚ್ಚಿನ ಬೋರ್ಡಿನ ವಿನ್ಯಾಸ ಕೂಡ ಇದರಲ್ಲೇ ಮಾಡಬಹುದು. ನಾನು ಆ ಕಡೆ ತಲೆ ಹಾಕಲಿಲ್ಲ. ಮಾಡಿದ್ದನ್ನು ದಾಖಲಿಸಲು ಸ್ಕೀಮ್ಯಾಟಿಕ್ (ಸಂಪರ್ಕಗಳ ಚಿತ್ರ) ಭಾಗ ಒಂದೇ ಸಾಕು.

ಮೊದಲ ಸಂಜೆ ಬೈಗುಳದಲ್ಲೇ ಕಳೆಯಿತು. ಎ ಒತ್ತಿದರೆ ಬಿಡಿಭಾಗ ಬರುತ್ತದೆ, ಡಬ್ಲ್ಯೂ ಒತ್ತಿದರೆ ವೈರು, ಆರ್ ಒತ್ತಿದರೆ ತಿರುಗುತ್ತದೆ. ಇದು ಕೈಗೆ ಬೇಗ ಹತ್ತಿತು. ಆದರೆ ಒಂದು ರೆಸಿಸ್ಟರಿಗೆ ವೈರು ಮುಟ್ಟಿಸಿದರೂ ಮುಟ್ಟಿಲ್ಲ ಅನ್ನುತ್ತಿತ್ತು. ಕಣ್ಣಿಗೆ ಸರಿಯಾಗಿ ಕೂತ ಹಾಗೇ ಕಾಣುತ್ತಿತ್ತು. ದೊಡ್ಡದು ಮಾಡಿ ನೋಡಿದಾಗ ಪಿನ್ನಿನ ತುದಿಯಲ್ಲಿ ಒಂದು ಪುಟ್ಟ ಸೊನ್ನೆ ಹಾಗೇ ಉಳಿದಿತ್ತು. ವೈರು ಸೇರಿದ್ದರೆ ಆ ಸೊನ್ನೆ ಮಾಯವಾಗಬೇಕು. ನಾನು ಚಂದ ಕಾಣಲಿ ಅಂತ ಗ್ರಿಡ್ (ಹಿನ್ನೆಲೆಯ ಚೌಕಳಿ) ಸಣ್ಣದು ಮಾಡಿ ರೆಸಿಸ್ಟರನ್ನು ಕೂದಲೆಳೆಯಷ್ಟು ಸರಿಸಿದ್ದೆ. ಗ್ರಿಡ್ಡನ್ನು ಮೊದಲಿದ್ದ 1.27 ಮಿಲಿಮೀಟರಿಗೆ ವಾಪಸ್ ತಂದೆ. ಆಮೇಲೆ ಅದರ ತಂಟೆಗೆ ಹೋಗಿಲ್ಲ.

ಇನ್ನೊಂದು ಗೊಂದಲ ಎಲ್‌ಎಂ393ರದ್ದು. ಕೈಯಲ್ಲಿ ಹಿಡಿದರೆ ಎಂಟು ಕಾಲಿನ ಒಂದೇ ಐಸಿ. ಕೀಕ್ಯಾಡಿನಲ್ಲಿ ಅದು ಮೂರು ತುಂಡು: ಎರಡು ಕಂಪ್ಯಾರೇಟರ್, ಪವರ್ ಪಿನ್ನುಗಳದ್ದೇ ಇನ್ನೊಂದು. ನಾನು ಒಂದನ್ನು ಮಾತ್ರ ಇಟ್ಟು ಸುಮ್ನಿದ್ದೆ. ಇಆರ್‌ಸಿ ಅಂತ ಒಂದು ತಪಾಸಣೆ ಇದೆ, ಸಂಪರ್ಕಗಳಲ್ಲಿ ಎಡವಟ್ಟಾಗಿದ್ದರೆ ಹೇಳುತ್ತದೆ. ಅದನ್ನು ಓಡಿಸಿದಾಗ ಉಳಿದ ತುಂಡುಗಳೆಲ್ಲಿ ಅಂತ ಕೇಳಿತು. ಹೌದಲ್ವಾ, ಬಳಸದ ಆ ಎರಡನೇ ಕಂಪ್ಯಾರೇಟರಿನ 5 ಮತ್ತು 6ನೇ ಕಾಲುಗಳನ್ನು ಬೋರ್ಡಿನಲ್ಲಿ ಏನು ಮಾಡಿದ್ದೆ? ತಿರುಗಿಸಿ ನೋಡಿದರೆ ಎರಡೂ ಗಾಳಿಯಲ್ಲಿ ತೇಲುತ್ತಿದ್ದವು. ಬಳಸದ ಇನ್‌ಪುಟ್ಟುಗಳನ್ನು ಹಾಗೆ ಬಿಡಬಾರದು. ಎರಡನ್ನೂ ಗ್ರೌಂಡಿಗೆ, ಅಂದರೆ ಮೈನಸ್ ಸಾಲಿಗೆ, ಸೇರಿಸಿದೆ.

ನೋಟ್‌ಬುಕ್ಕಿನ ಮೇಲೆ ನಂಬಿಕೆ ಅಲ್ಲಾಡಿದ್ದು ಆಗ. ಅದನ್ನು ಮುಚ್ಚಿಟ್ಟೆ. ಕೀಕ್ಯಾಡಿನಲ್ಲಿ ಬಿಡಿಸಿದ್ದನ್ನೂ ಅಳಿಸಿದೆ. ಬೋರ್ಡನ್ನೇ ನೋಡಿ ಮೊದಲಿಂದ ಬಿಡಿಸಲು ಶುರು ಮಾಡಿದೆ.

ಎರಡೂ ಬದಿಯ ಫೋಟೋ ತೆಗೆದೆ. ಬೆಸುಗೆ ಬದಿಯ ಫೋಟೋವನ್ನು ಕನ್ನಡಿಯಲ್ಲಿ ಕಂಡ ಹಾಗೆ ಎಡಬಲ ತಿರುಗಿಸಿಟ್ಟುಕೊಂಡೆ. ಇಲ್ಲದಿದ್ದರೆ ಮೇಲಿನ ಎಡ ಕೆಳಗೆ ಬಲವಾಗಿ ತಲೆ ಕೆಡುತ್ತದೆ. ಪವರ್ ತೆಗೆದು, ಮಲ್ಟಿಮೀಟರನ್ನು ಬೀಪ್ ಬರುವ ಕಡೆಗೆ ತಿರುಗಿಸಿದೆ. ಮೀಟರಿನ ಒಂದು ಕಡ್ಡಿ ಗ್ರೌಂಡಿನಲ್ಲಿ, ಇನ್ನೊಂದನ್ನು ಒಂದೊಂದು ಬೆಸುಗೆಗೂ ಮುಟ್ಟಿಸುತ್ತಾ ಹೋದೆ. ಬೀಪ್ ಬಂದಲ್ಲೆಲ್ಲ ತೆರೆಯ ಮೇಲೆ ವೈರು ಎಳೆದೆ. ಗ್ರೌಂಡ್ ಮುಗಿದ ಮೇಲೆ 12 ವೋಲ್ಟಿನ ಸಾಲು. ಆಮೇಲೆ ಉಳಿದವು ಒಂದೊಂದೇ. ಬೀಪ್ ಬರದ ವೈರನ್ನು ಎಳೆಯಬಾರದು ಅಂತ ನನಗೇ ಒಂದು ಕಟ್ಟುಪಾಡು ಹಾಕಿಕೊಂಡೆ. ಅಲ್ಲಿ ಇದ್ದೇ ಇರುತ್ತದೆ ಬಿಡು ಅಂತ ಕೈ ತಾನಾಗಿ ಎಳೆಯಲು ಹೋಗುತ್ತದೆ. ತಡೆಯಬೇಕು.

ರಿಲೇ ಕಾಯಿಲಿಗೆ ಬಂದೆ. ಒಂದು ತುದಿ 12 ವೋಲ್ಟಿಗೆ, ಬೀಪ್. ಇನ್ನೊಂದು ತುದಿ ಟ್ರಾನ್ಸಿಸ್ಟರಿನ ಕಲೆಕ್ಟರ್ ಕಾಲಿಗೆ, ಬೀಪ್. ಬೇರೇನೂ ಇಲ್ಲ. ತೆರೆಯ ಮೇಲೆ ಕಾಯಿಲ್ ಪಕ್ಕ ಖಾಲಿ ಜಾಗ. ಬೋರ್ಡು ನೋಡಿದೆ. ಅಲ್ಲೂ ಕಾಯಿಲ್ ಪಕ್ಕ ಎರಡು ಖಾಲಿ ತೂತು. ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡಿಗೆ ಅಂತ ಜಾಗ ಬಿಟ್ಟಿದ್ದೆ, ಡಯೋಡು ಹಾಕಿರಲಿಲ್ಲ! ಬ್ರೆಡ್‌ಬೋರ್ಡಿನಲ್ಲಿ ಇತ್ತು, ನೋಟ್‌ಬುಕ್ಕಿನಲ್ಲಿ ಇತ್ತು. ಬೆಸುಗೆ ಹಾಕುವ ದಿನ ಮರೆತಿದ್ದೆ.

ಗೊತ್ತಿಲ್ಲದವರಿಗೆ ಹೇಳುವುದಾದರೆ, ರಿಲೇ ಕಾಯಿಲಿನಲ್ಲಿ ಹರಿಯುವ ಕರೆಂಟನ್ನು ಫಕ್ಕನೆ ನಿಲ್ಲಿಸಿದರೆ ಅದು ತಿರುಗಿಬೀಳುತ್ತದೆ. 12 ವೋಲ್ಟಿನ ರಿಲೇ ಆದರೂ ಆ ಕ್ಷಣಕ್ಕೆ ನೂರಕ್ಕಿಂತ ಹೆಚ್ಚು ವೋಲ್ಟ್ ಎದ್ದೇಳಬಹುದು. ಬಿಸಿ547 ತಡೆಯುವುದು 45 ವೋಲ್ಟ್. ಕಾಯಿಲಿಗೆ ಅಡ್ಡಲಾಗಿ ಒಂದು 1ಎನ್4007 ಡಯೋಡು, ಅದರ ಬಿಳಿ ಗೀಟು ಪ್ಲಸ್ ಕಡೆಗೆ, ಇಷ್ಟಿದ್ದರೆ ಆ ಕರೆಂಟು ಡಯೋಡಿನಲ್ಲೇ ಸುತ್ತಿ ಸುತ್ತಿ ಸುಮ್ಮನಾಗುತ್ತದೆ. ಹಾಕಿದೆ. ಆಮೇಲೆ ಟ್ರಾನ್ಸಿಸ್ಟರ್ ಹೋಗಿಲ್ಲ.

ಆ ಚಿತ್ರವನ್ನು ಗೆಳೆಯನಿಗೆ ಕಳಿಸುವ ಮೊದಲು ಸ್ವಲ್ಪ ಹಸನು ಮಾಡಿದೆ. ಪ್ಲಸ್ ಮೇಲೆ, ಗ್ರೌಂಡ್ ಕೆಳಗೆ, ಸೆನ್ಸರ್ ಎಡಕ್ಕೆ, ಪಂಪು ಬಲಕ್ಕೆ. ಹಾಳೆಯ ಉದ್ದಕ್ಕೂ ಹೋಗುವ ವೈರುಗಳನ್ನು ತೆಗೆದು ಎರಡು ಕಡೆಗೂ ಒಂದೇ ಹೆಸರಿನ ಲೇಬಲ್ ಹಾಕಿದೆ. ನಾಲ್ಕು ವೈರು ಒಂದೇ ಚುಕ್ಕೆಯಲ್ಲಿ ಕೂಡುವ ಕಡೆ ಒಂದನ್ನು ಪಕ್ಕಕ್ಕೆ ಸರಿಸಿದೆ. ಪ್ರಿಂಟಿನಲ್ಲಿ ಚುಕ್ಕೆ ಅಳಿಸಿದರೆ ಅದು ಸುಮ್ನೆ ದಾಟಿಹೋದ ವೈರಿನಂತೆ ಕಾಣುತ್ತದೆ. 4.7 ಕಿಲೋ ಓಮ್ ಅನ್ನು 4ಕೆ7 ಅಂತ ಬರೆಯುವುದೂ ಇದೇ ಕಾರಣಕ್ಕೆ. ಬಿಂದು ಹೋದರೆ 47 ಆಗಿಬಿಡುತ್ತದೆ.

ಇಆರ್‌ಸಿ ಇನ್ನೊಂದು ತಕರಾರು ತೆಗೆಯಿತು, ಪವರ್ ಪಿನ್ನಿಗೆ ಪವರ್ ಎಲ್ಲಿಂದಲೂ ಬರುತ್ತಿಲ್ಲ ಅಂತ. ಅಡಾಪ್ಟರಿನ ಸಾಕೆಟ್ಟಿನಿಂದ ಬರುತ್ತಿದೆಯಲ್ಲ ಮಾರಾಯ! ಆದರೆ ಅದರ ಲೆಕ್ಕದಲ್ಲಿ ಸಾಕೆಟ್ಟು ಬರೀ ಒಂದು ಕನೆಕ್ಟರ್. ಪವರ್ ಇಲ್ಲಿಂದಲೇ ಬರುತ್ತದೆ ಅಂತ ಹೇಳಲು ಪವರ್ ಫ್ಲ್ಯಾಗ್ ಅನ್ನುವ ಗುರುತು ಇಡಬೇಕು. 12 ವೋಲ್ಟಿಗೊಂದು, ಗ್ರೌಂಡಿಗೊಂದು ಇಟ್ಟೆ. ಸುಮ್ಮನಾಯಿತು.

ನನ್ನ ಮಟ್ಟಿಗೆ ಹಾಳೆಯಲ್ಲಿ ಹೆಚ್ಚು ಉಪಯೋಗಕ್ಕೆ ಬಂದದ್ದು ಚಿತ್ರದ ಪಕ್ಕ ಬರೆದಿಟ್ಟ ಸಾಲುಗಳು. "ಮಣ್ಣು ಒದ್ದೆ ಇದ್ದಾಗ 3ನೇ ಕಾಲಿನಲ್ಲಿ 4.1 ವೋಲ್ಟ್, ಒಣಗಿದಾಗ 7.6." "ಪಂಪಿನ ಕೆಂಪು ವೈರು ಮೈನಸ್, ಕೆಂಪು ಬಿಟ್ಟು ಬೇರೆ ವೈರು ಸಿಗಲಿಲ್ಲ." "ಬಿಸಿ547 ಸಿಗದೆ 2ಎನ್3904 ಹಾಕಿದರೆ ತಿರುಗಿಸಿ ಹಾಕು." ಚಪ್ಪಟೆ ಮುಖ ನಮ್ಮ ಕಡೆಗೆ ಹಿಡಿದರೆ ಮೊದಲನೆಯದರ ಕಾಲುಗಳು ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. ಎರಡನೆಯದರಲ್ಲಿ ಅದೇ ಉಲ್ಟಾ. ಇಂಥವನ್ನು ಯಾವ ಚಿಹ್ನೆಯೂ ಹೇಳುವುದಿಲ್ಲ.

ಈಗ ಹಳೆಯ ಡಬ್ಬಿಗಳನ್ನೆಲ್ಲ ಒಂದೊಂದಾಗಿ ತೆಗೆದು ಹೀಗೇ ಬಿಡಿಸುತ್ತಿದ್ದೇನೆ. ಹಾಳೆಯ ಮೂಲೆಯಲ್ಲಿ ತಾರೀಕು, ಎಷ್ಟನೇ ಆವೃತ್ತಿ ಅಂತ ಇರುತ್ತದೆ. ಅದೇ ನಂಬರನ್ನು ಬೋರ್ಡಿನ ಮೇಲೂ ಮಾರ್ಕರಿನಲ್ಲಿ ಬರೆಯುತ್ತೇನೆ. ಪಿಡಿಎಫ್ ಒಂದು ಪ್ರಿಂಟ್ ತೆಗೆದು ಮಡಚಿ ಡಬ್ಬಿಯೊಳಗೇ ಇಡುತ್ತೇನೆ. ಗಿಡದ ಡಬ್ಬಿಯಲ್ಲಿರುವುದು ಮೂರನೇ ಆವೃತ್ತಿ. ಮೊನ್ನೆ ಪಂಪಿಗೆ ಅಡ್ಡಲಾಗಿ ಒಂದು ಕೆಪಾಸಿಟರ್ ಸೇರಿಸಿದೆ. ಅದು ಆ ಹಾಳೆಯ ಮೇಲೆ ಪೆನ್ಸಿಲಿನಲ್ಲಿದೆ, ಕಂಪ್ಯೂಟರಿಗೆ ಇನ್ನೂ ಹಾಕಿಲ್ಲ.