ವಿಳಾಸ ಪರಿವರ್ತನೆಯಲ್ಲಿ ಪ್ರೊಸೆಸರ್ ತಪ್ಪಿದಾಗ ವರ್ಚುವಲ್ ಮೆಷಿನ್‌ಗಳನ್ನು ಕಾಪಾಡುವುದು ಹೇಗೆ?

ಒಂದೇ ಸರ್ವರ್ ಮೇಲೆ ಹಲವು ವರ್ಚುವಲ್ ಮೆಷಿನ್‌ಗಳನ್ನು (ವಿಎಂ, ಅಂದರೆ ತಂತ್ರಾಂಶದಲ್ಲೇ ರೂಪಿಸಿದ ಕಂಪ್ಯೂಟರ್‌ಗಳು) ನಡೆಸುವಾಗ, ಒಂದು ವಿಎಂ ಒಳಗೆ ಏನೇ ನಡೆದರೂ ಅದು ಪಕ್ಕದ ವಿಎಂ ಅನ್ನಾಗಲಿ ಅವೆಲ್ಲ ಓಡುವ ಸರ್ವರ್ ಆದ ಹೋಸ್ಟ್ ಅನ್ನಾಗಲಿ ಮುಟ್ಟದು ಎಂಬ ಭರವಸೆಯೇ ಇಡೀ ಏರ್ಪಾಟಿಗೆ ಆಧಾರ. ಈ ಭರವಸೆಯ ಬಹುಪಾಲು ನಿಂತಿರುವುದು ಪ್ರೊಸೆಸರ್ ಮಾಡುವ ವಿಳಾಸ ಪರಿವರ್ತನೆಯ ಮೇಲೆ. ಗೆಸ್ಟ್ (ವಿಎಂ ಒಳಗಿನ ಸಿಸ್ಟಂ) ತನ್ನ ಪೇಜ್ ಟೇಬಲ್ (ಮೆಮೊರಿಯ ತುಂಡುಗಳಾದ ಪೇಜ್‌ಗಳ ವಿಳಾಸಪಟ್ಟಿ) ಮೂಲಕ ತಲುಪುವ ವಿಳಾಸವು, ವಿಎಂಗಳನ್ನು ನಡೆಸುವ ತಂತ್ರಾಂಶವಾದ ಹೈಪರ್‌ವೈಸರ್ ಬರೆದಿಟ್ಟ ಎರಡನೇ ಟೇಬಲ್ ಮೂಲಕ ನಿಜವಾದ ಮೆಮೊರಿ ವಿಳಾಸವಾಗುತ್ತದೆ. ಇಂಟೆಲ್ ಪ್ರೊಸೆಸರ್‌ಗಳಲ್ಲಿ ಈ ಎರಡನೇ ಟೇಬಲ್‌ಗೆ ಇಪಿಟಿ ಎಂದು ಹೆಸರು. 2018ರ ಆಗಸ್ಟ್‌ನಲ್ಲಿ ಎಲ್1ಟಿಎಫ್, 2019ರ ನವೆಂಬರ್‌ನಲ್ಲಿ ಐಟಿಎಲ್‌ಬಿ ಮಲ್ಟಿಹಿಟ್ ಎಂಬ ದೋಷಗಳು ಬಹಿರಂಗವಾದಾಗ, ಟೇಬಲ್‌ಗಳು ಸರಿಯಾಗಿದ್ದರೂ ಅವನ್ನು ಓದುವ ಚಿಪ್ ತಪ್ಪಬಹುದು ಎಂಬುದು ಸಾಬೀತಾಯಿತು. ಈಗಾಗಲೇ ಕೆಲಸ ಮಾಡುತ್ತಿರುವ ಚಿಪ್ ಅನ್ನು ತಿದ್ದಲಾಗದು. ಹೋಸ್ಟ್‌ನ ತಂತ್ರಾಂಶವೇ ಅದನ್ನು ಸಂಭಾಳಿಸಬೇಕು. ಲಿನಕ್ಸ್‌ನ ಹೈಪರ್‌ವೈಸರ್ ಆದ ಕೆವಿಎಂ ಬಳಸುವವರು ಇದನ್ನು ಹೇಗೆ ಮಾಡಬೇಕೆಂದು ನೋಡೋಣ.

ಮೊದಲ ಕೆಲಸ ಹೋಸ್ಟ್‌ನ ಸ್ಥಿತಿ ತಿಳಿಯುವುದು. ಲಿನಕ್ಸ್‌ನ ತಿರುಳಾದ ಕರ್ನಲ್‌ನ ‘ಸಿಸ್’ ಕಡತ ವ್ಯವಸ್ಥೆಯಲ್ಲಿ ಸಿಪಿಯು ವಿಭಾಗದ ಕೆಳಗೆ ‘ವಲ್ನರಬಿಲಿಟೀಸ್’ ಎಂಬ ಫೋಲ್ಡರ್ ಇದ್ದು, ಒಂದೊಂದು ದೋಷಕ್ಕೂ ಅಲ್ಲಿ ಒಂದೊಂದು ಕಡತವಿರುತ್ತದೆ. ಮಲ್ಟಿಹಿಟ್ ಕಡತದಲ್ಲಿ ‘ನಾಟ್ ಅಫೆಕ್ಟೆಡ್’ ಎಂದಿದ್ದರೆ ಆ ವಿಷಯ ಅಲ್ಲಿಗೇ ಮುಗಿಯಿತು. ಎಎಂಡಿ ಪ್ರೊಸೆಸರ್‌ಗಳಿಗೆ ಈ ದೋಷವಿಲ್ಲ. ‘ಕೆವಿಎಂ: ಮಿಟಿಗೇಷನ್: ಸ್ಪ್ಲಿಟ್ ಹ್ಯೂಜ್ ಪೇಜಸ್’ ಎಂದಿದ್ದರೆ ರಕ್ಷಣೆ ಚಾಲ್ತಿಯಲ್ಲಿದೆ. ‘ಕೆವಿಎಂ: ವಲ್ನರಬಲ್’ ಎಂದಿದ್ದರೆ ತಡಮಾಡಬಾರದು. ಈ ಕಡತವನ್ನು ಹೋಸ್ಟ್‌ನಲ್ಲಿಯೇ ಓದಬೇಕು. ವಿಎಂ ಒಳಗೆ ಕುಳಿತು ಓದಿದರೆ ಸಿಗುವ ಉತ್ತರ ಹೋಸ್ಟ್ ಬಗ್ಗೆ ಏನನ್ನೂ ಹೇಳುವುದಿಲ್ಲ. ಬಹಳ ಮಂದಿ ಎಡವುವುದು ಇಲ್ಲಿಯೇ.

ಮಲ್ಟಿಹಿಟ್ ದೋಷದ ಒಳಗುಟ್ಟು ಗೊತ್ತಿದ್ದರೆ ಮುಂದಿನ ನಿರ್ಧಾರಗಳು ಸುಲಭ. ಪ್ರತಿ ಸಲವೂ ಪೇಜ್ ಟೇಬಲ್ ಜಾಲಾಡುವುದನ್ನು ತಪ್ಪಿಸಲು ಪ್ರೊಸೆಸರ್ ಇತ್ತೀಚಿನ ಪರಿವರ್ತನೆಗಳನ್ನು ಟಿಎಲ್‌ಬಿ ಎಂಬ ಸಣ್ಣ ಸಂಗ್ರಹದಲ್ಲಿ ಇಟ್ಟುಕೊಳ್ಳುತ್ತದೆ. ಪ್ರೋಗ್ರಾಮ್‌ನ ಸೂಚನೆಗಳಿಗೆಂದೇ ಇರುವ ಟಿಎಲ್‌ಬಿಯೇ ಐಟಿಎಲ್‌ಬಿ. ಗೆಸ್ಟ್‌ನ ಒಂದು ವಿಳಾಸ 4 ಕೆಬಿ ಪೇಜ್ ಆಗಿ ಅಲ್ಲಿ ದಾಖಲಾಗಿದೆ ಎಂದುಕೊಳ್ಳಿ. ಆ ಹಳೆಯ ದಾಖಲೆಯನ್ನು ಅಳಿಸದೆಯೇ ಗೆಸ್ಟ್ ಅದೇ ಜಾಗವನ್ನು 2 ಎಂಬಿಯ ದೊಡ್ಡ ಪೇಜ್ ಆಗಿ ಮಾರ್ಪಡಿಸಿ, ಜೊತೆಗೆ ಭೌತಿಕ ವಿಳಾಸವನ್ನೋ ಕ್ಯಾಶ್‌ನ (ಪ್ರೊಸೆಸರ್ ಒಳಗಿನ ವೇಗದ ಮೆಮೊರಿಯ) ಬಗೆಯನ್ನೋ ಬದಲಿಸಿದರೆ, ಮುಂದಿನ ಸೂಚನೆಯನ್ನು ತರುವಾಗ ಒಂದೇ ವಿಳಾಸಕ್ಕೆ ಎರಡು ದಾಖಲೆಗಳು ತಾಳೆಯಾಗುತ್ತವೆ. ಆಗ ಪ್ರೊಸೆಸರ್ ಮೆಷಿನ್ ಚೆಕ್ ಎಂಬ ಗಂಭೀರ ಹಾರ್ಡ್‌ವೇರ್ ದೋಷ ಎತ್ತಬಹುದು, ಪೂರ್ತಿ ಸ್ತಬ್ಧವಾಗಲೂಬಹುದು. ಇದರಿಂದ ದತ್ತಾಂಶ ಸೋರುವುದಿಲ್ಲ. ಆದರೆ ಒಬ್ಬ ದುರುದ್ದೇಶದ ಬಾಡಿಗೆದಾರ ಇಡೀ ಹೋಸ್ಟ್ ಅನ್ನು, ಅದರೊಂದಿಗೆ ಉಳಿದೆಲ್ಲರ ವಿಎಂಗಳನ್ನು ಕೆಡವಬಲ್ಲ.

ಕೆವಿಎಂ ಇದಕ್ಕೆ ಕಂಡುಕೊಂಡ ಉಪಾಯ ನನಗೆ ಬಹಳ ಮೆಚ್ಚುಗೆಯಾದದ್ದು. ಇಪಿಟಿಯಲ್ಲಿ ದೊಡ್ಡ ಪೇಜ್‌ಗಳನ್ನೆಲ್ಲ ಅದು ‘ಇಲ್ಲಿಂದ ಸೂಚನೆ ನಡೆಸುವಂತಿಲ್ಲ’ ಎಂದು ಗುರುತಿಸಿಡುತ್ತದೆ. ಗೆಸ್ಟ್ ಅಂಥ ಪೇಜ್‌ನಿಂದ ಸೂಚನೆ ನಡೆಸಲು ಹೋದ ಕ್ಷಣ ನಿಯಂತ್ರಣ ಹೋಸ್ಟ್‌ಗೆ ಬರುತ್ತದೆ. ಹೋಸ್ಟ್ ಆ 2 ಎಂಬಿಯನ್ನು 4 ಕೆಬಿಯ 512 ತುಂಡುಗಳನ್ನಾಗಿ ಒಡೆದು, ಬೇಕಾದ ತುಂಡಿಗೆ ಅನುಮತಿ ಕೊಡುತ್ತದೆ. ಹೀಗೆ ಐಟಿಎಲ್‌ಬಿಗೆ ದೊಡ್ಡ ಪೇಜ್ ಹೋಗುವುದೇ ಇಲ್ಲ, ದತ್ತಾಂಶಕ್ಕೆ ಮಾತ್ರ ದೊಡ್ಡ ಪೇಜ್‌ಗಳ ಲಾಭ ಉಳಿಯುತ್ತದೆ. ಒಡೆದ ಪೇಜ್‌ಗಳು ಹಾಗೆಯೇ ಉಳಿದು ವೇಗ ಕುಗ್ಗದಿರಲೆಂದು ಹಿನ್ನೆಲೆಯ ಥ್ರೆಡ್ ಒಂದು ಅವುಗಳಲ್ಲಿ ಒಂದು ಪಾಲನ್ನು ಆಗಾಗ ತೆರವುಗೊಳಿಸಿ, ಮತ್ತೆ ದೊಡ್ಡ ಪೇಜ್ ಆಗಲು ದಾರಿ ಮಾಡುತ್ತದೆ. ಮೂಲ ಸೆಟ್ಟಿಂಗ್‌ನಲ್ಲಿ ಈ ಪಾಲು 60ರಲ್ಲಿ 1.

ಇದನ್ನು ನಿಯಂತ್ರಿಸುವುದು ಕೆವಿಎಂನ ‘ಎನ್‌ಎಕ್ಸ್ ಹ್ಯೂಜ್ ಪೇಜಸ್’ ಎಂಬ ಸೆಟ್ಟಿಂಗ್. ಅದನ್ನು ‘ಆಟೋ’ದಲ್ಲಿಯೇ ಬಿಡಿ. ಪ್ರೊಸೆಸರ್‌ನಲ್ಲಿ ದೋಷವಿದ್ದರೆ ಮಾತ್ರ ಆಗ ರಕ್ಷಣೆ ಜಾರಿಗೆ ಬರುತ್ತದೆ. ವೇಗದ ಆಸೆಗೆ ಯಾರೋ ಬೂಟ್ ಸಾಲಿನಲ್ಲಿ ‘ಮಿಟಿಗೇಷನ್ಸ್’ ಅನ್ನು ‘ಆಫ್’ ಮಾಡಿಟ್ಟಿದ್ದರೆ ‘ಆಟೋ’ ಕೂಡ ಸುಮ್ಮನಾಗುತ್ತದೆ, ಆದ್ದರಿಂದ ಆ ಸಾಲನ್ನು ತಪ್ಪದೆ ಓದಿ. ‘ಫೋರ್ಸ್’ ಕೊಟ್ಟರೆ ಮಾತ್ರ ಅದನ್ನು ಮೀರಿ ರಕ್ಷಣೆ ನಿಲ್ಲುತ್ತದೆ. ಸೂಕ್ಷ್ಮ ಕಾಲಮಿತಿಯಲ್ಲಿ ಓಡುವ ವಿಎಂಗಳಲ್ಲಿ ಆ ಹಿನ್ನೆಲೆ ಥ್ರೆಡ್‌ನಿಂದ ತಡವರಿಕೆ ಕಂಡರೆ, ರಕ್ಷಣೆಯನ್ನೇ ಕಿತ್ತೆಸೆಯದೆ ತೆರವಿನ ಪಾಲನ್ನು ತಗ್ಗಿಸುವುದು ಸರಿಯಾದ ಕ್ರಮ. ಅಲ್ಲಿ ಸೊನ್ನೆ ಬರೆದರೆ ತೆರವು ಪೂರ್ತಿ ನಿಲ್ಲುತ್ತದೆ. ಎಷ್ಟು ಪೇಜ್‌ಗಳು ಒಡೆದಿವೆ ಎಂಬ ಲೆಕ್ಕ ಕೆವಿಎಂನ ಅಂಕಿಅಂಶಗಳಲ್ಲಿಯೇ ಸಿಗುವುದರಿಂದ ಊಹೆಯ ಮೇಲೆ ಏನನ್ನೂ ಬದಲಿಸಬೇಕಾಗಿಲ್ಲ.

ಎಲ್1ಟಿಎಫ್‌ನ ಸ್ವಭಾವ ಬೇರೆ, ಅಪಾಯವೂ ಹೆಚ್ಚು. ಗೆಸ್ಟ್ ತನ್ನ ಪೇಜ್ ಟೇಬಲ್‌ನ ಒಂದು ನಮೂದನ್ನು ‘ಇಲ್ಲ’ ಎಂದು ಗುರುತಿಸಿ, ಅದರಲ್ಲಿ ತನಗೆ ಬೇಕಾದ ವಿಳಾಸ ಬರೆದರೆ, ದೋಷವಿರುವ ಪ್ರೊಸೆಸರ್ ಊಹೆಯ ಹಂತದಲ್ಲಿ (ಮುಂದಿನ ಸೂಚನೆಗಳನ್ನು ಮುಂಚಿತವಾಗಿ ನಡೆಸಿ ನೋಡುವಾಗ) ಇಪಿಟಿಯನ್ನು ನೋಡದೆಯೇ ಅದನ್ನು ಹೋಸ್ಟ್‌ನ ಭೌತಿಕ ವಿಳಾಸವೆಂದು ಬಗೆದು ಎಲ್1 ಕ್ಯಾಶ್‌ನಲ್ಲಿರುವ ದತ್ತಾಂಶವನ್ನು ಓದುತ್ತದೆ. ಇದಕ್ಕೆ ಮೈಕ್ರೋಕೋಡ್ (ಪ್ರೊಸೆಸರ್ ಒಳಗಿನ ತಂತ್ರಾಂಶ) ಹಾಗೂ ಕರ್ನಲ್ ಎರಡನ್ನೂ ನವೀಕರಿಸಬೇಕು. ಆಗ ವಿಎಂ ಒಳಗೆ ಹೋಗುವ ಮುನ್ನ ಕೆವಿಎಂ ಆ ಕ್ಯಾಶ್ ಅನ್ನು ಖಾಲಿ ಮಾಡುತ್ತದೆ. ಇಷ್ಟಾದರೂ ‘ವಲ್ನರಬಿಲಿಟೀಸ್’ ಫೋಲ್ಡರ್‌ನ ಎಲ್1ಟಿಎಫ್ ಕಡತದ ಕೊನೆಯಲ್ಲಿ ‘ಎಸ್‌ಎಂಟಿ ವಲ್ನರಬಲ್’ ಎಂದು ಉಳಿದಿದ್ದರೆ ಕೆಲಸ ಅರ್ಧವೇ ಆಗಿದೆ ಎಂದರ್ಥ, ಏಕೆಂದರೆ ಎಸ್‌ಎಂಟಿಯಲ್ಲಿ (ಪ್ರೊಸೆಸರ್‌ನ ಒಂದು ಕೋರ್ ಏಕಕಾಲಕ್ಕೆ ಎರಡು ಕೆಲಸಗಳನ್ನು ನಡೆಸುವ ವ್ಯವಸ್ಥೆಯಲ್ಲಿ) ಒಂದೇ ಕೋರ್‌ನ ಎರಡು ಥ್ರೆಡ್‌ಗಳು ಆ ಕ್ಯಾಶ್ ಅನ್ನು ಹಂಚಿಕೊಳ್ಳುತ್ತವೆ. ಅಪರಿಚಿತರ ವಿಎಂಗಳಿರುವ ಹೋಸ್ಟ್‌ನಲ್ಲಿ ಎಸ್‌ಎಂಟಿ ನಿಲ್ಲಿಸುವುದೇ ಖಚಿತ ದಾರಿ. ಲಿನಕ್ಸ್ 5.14ರಿಂದ ಲಭ್ಯವಿರುವ ಕೋರ್ ಶೆಡ್ಯೂಲಿಂಗ್ ಒಂದು ಕೋರ್ ಮೇಲೆ ಒಬ್ಬರದೇ ವಿಎಂ ಓಡುವಂತೆ ನೋಡಿಕೊಳ್ಳುತ್ತದೆ, ಆದರೆ ಪಕ್ಕದ ಥ್ರೆಡ್‌ನಲ್ಲಿ ಹೋಸ್ಟ್ ಕರ್ನಲ್ಲೇ ಕೆಲಸ ಮಾಡುವಾಗಿನ ಸೋರಿಕೆಯನ್ನು ಅದು ಪೂರ್ತಿ ತಡೆಯದು. ಎಲ್ಲ ವಿಎಂಗಳೂ ನಿಮ್ಮವೇ ಆಗಿ, ಅವುಗಳಲ್ಲಿ ಓಡುವ ತಂತ್ರಾಂಶದ ಮೇಲೆ ನಿಮಗೆ ನಂಬಿಕೆಯಿದ್ದರೆ ಮಾತ್ರ ಎಸ್‌ಎಂಟಿಯನ್ನು ಉಳಿಸಿಕೊಳ್ಳಿ.

ಹೋಸ್ಟ್‌ಗಳು ಒಂದಕ್ಕಿಂತ ಹೆಚ್ಚಿದ್ದರೆ ಈ ಪರಿಶೀಲನೆಯನ್ನು ಎಲ್ಲದರ ಮೇಲೂ ಮಾಡಿ. ಲೈವ್ ಮೈಗ್ರೇಷನ್‌ನಲ್ಲಿ ವಿಎಂ ಸದ್ದಿಲ್ಲದೆ ಮತ್ತೊಂದು ಹೋಸ್ಟ್‌ಗೆ ಹೋಗುತ್ತದೆ. ಅಲ್ಲಿ ರಕ್ಷಣೆ ಇಲ್ಲದಿದ್ದರೆ ಇಲ್ಲಿ ಮಾಡಿದ್ದೆಲ್ಲ ಅದಕ್ಕೆ ಉಪಯೋಗಕ್ಕೆ ಬಾರದು. ಕರ್ನಲ್ ಅಥವಾ ಮೈಕ್ರೋಕೋಡ್ ನವೀಕರಿಸಿದಾಗಲೆಲ್ಲ ಹೋಸ್ಟ್ ಮತ್ತೆ ಬೂಟ್ ಆದ ಕೂಡಲೇ, ವಿಎಂಗಳನ್ನು ಅದಕ್ಕೆ ವಾಪಸ್ ತರುವ ಮೊದಲೇ, ಈ ಎರಡೂ ಕಡತಗಳನ್ನು ಓದಿ ನೋಡಿ.